ಗಾಜು ಕೈಯಲ್ಲಿರುವಾಗ

ಮಗಳ ಫೋನು ಬಂದದ್ದು ಭಾನುವಾರದ ಊಟದ ಹೊತ್ತಿಗೆ. ಅಮ್ಮ ಎರಡನೇ ಸಲ ಅನ್ನ ಬಡಿಸುತ್ತಿದ್ದಳು. ಸೊಸೆ ಎಡಗೈಯಿಂದಲೇ ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಎಲ್ಲರಿಗೂ ಕೇಳುವ ಹಾಗೆ ಮಾಡಿದಳು.

"ಎಲ್ಲರೂ ಇದ್ದೀರಾ?"

"ಇದ್ದೀವಿ ಕಣೇ, ಇನ್ನೂ ಯಾರೂ ಸತ್ತಿಲ್ಲ," ಅಂದಳು ಅಜ್ಜಿ.

"ಹಾಗಾದ್ರೆ ಕೇಳಿ. ಮುಂದಿನ ತಿಂಗಳ ಕೊನೇಲಿ ಇಲ್ಲಿ ದೊಡ್ಡ ಹಬ್ಬ. ಇಲ್ಲಿಯವರ ದೇವರದ್ದು. ನಾಲ್ಕು ದಿನ ಇಡೀ ದೇಶಕ್ಕೇ ರಜೆ. ನಮ್ಮ ಬಿಸ್ಕತ್ತು ಕಾರ್ಖಾನೆ ಒಲೆ ವರ್ಷಪೂರ್ತಿ ಆರಲ್ಲ, ಆಗ ಮಾತ್ರ ಆರಿಸ್ತಾರೆ. ನಂಗೆ ಬೇರೆ ರಜೆ ಸಿಗೋದಿಲ್ಲ. ನೀವೆಲ್ಲ ಬನ್ನಿ."

ಮೇಜಿನ ತುದಿಯಲ್ಲಿ ಕೂತಿದ್ದ ಅಪ್ಪ ತಲೆಯೆತ್ತಲಿಲ್ಲ. ಬೀದಿಯವರು ಅವನನ್ನು ವಜ್ರ ಎನ್ನುತ್ತಿದ್ದರು. ಗಾಜು ಕೊಯ್ಯುವ ಹಿಡಿಯ ತುದಿಯಲ್ಲಿರುವ ಹರಳಿನಿಂದ ಬಂದ ಹೆಸರು. ಅವನು ಎಳೆದ ಗೀರು ಯಾವತ್ತೂ ತಪ್ಪುತ್ತಿರಲಿಲ್ಲ. ಎತ್ತಿದ ಕೈಯೂ ತಪ್ಪುತ್ತಿರಲಿಲ್ಲ. ಮಗಳ ಓದು ಮುಗಿದ ವರ್ಷ, ಎದುರು ಮಾತಾಡಿದಳೆಂದು, ಗಾಜು ಅಳೆಯುವ ಮರದ ಕೋಲಿನಿಂದ ಅವಳ ಬಲಗೈ ಮೂಳೆ ಮುರಿದಿದ್ದ. ಕೈ ಕೂಡಿಕೊಂಡ ಮೇಲೆ ಅವಳು ಸಮುದ್ರ ದಾಟಿ ಹೋದಳು. ಅಂದಿನಿಂದ ಅಪ್ಪ ಮಗಳ ನಡುವೆ ಮಾತಿರಲಿಲ್ಲ.

"ಎಲ್ಲರೂ ಅಂದ್ರೆ?" ಎಂದು ಮಗ ಕೇಳಿದ. ಅವನು ಅಪ್ಪನ ಜೊತೆಯಲ್ಲೇ ಅಂಗಡಿಯಲ್ಲಿ ಕೆಲಸ ಮಾಡುವವನು. ತಂಗಿಗಿಂತ ಎರಡು ವರ್ಷಕ್ಕೆ ದೊಡ್ಡವನು.

"ಎಲ್ಲರೂ ಅಂದ್ರೆ ಎಲ್ಲರೂ. ಅಪ್ಪನೂ."

ಅಮ್ಮ ಸೌಟನ್ನು ಪಾತ್ರೆಗೆ ಇಳಿಸಿದಳು.

"ಆದ್ರೆ ಒಂದು ಮಾತು," ಅಂದಳು ಮಗಳು. "ಇವತ್ತಿಂದ ನೀವು ಹೊರಡೋವರೆಗೂ ಅವರ ಕೈ ಮನೇಲಿ ಯಾರ ಮೇಲೂ ಬೀಳಬಾರ್ದು. ಬಿದ್ರೆ ಅವರು ಬರೋದು ಬೇಡ. ಇಲ್ಲಿ ಕೂತ್ಕೊಂಡು ನಂಗೆ ಅದು ಗೊತ್ತಾಗಲ್ಲ. ಅಮ್ಮ, ನೀನು ಹೇಳ್ಬೇಕು. ಸುಳ್ಳು ಹೇಳಬೇಡ."

ವಜ್ರ ಎದ್ದು ಕೈ ತೊಳೆದುಕೊಂಡ. ಮೆಟ್ಟಿಲಿಳಿದು ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಹಿಂದಿನ ಅಂಗಳದಿಂದ ಗಾಜು ಒಡೆಯುವ ಸದ್ದು ಬಂತು. ಒಂದು, ಇನ್ನೊಂದು, ಮತ್ತೊಂದು. ರದ್ದಿ ಗಾಜನ್ನು ಅವನು ಸುತ್ತಿಗೆಯಿಂದ ಪುಡಿ ಮಾಡುತ್ತಿದ್ದ.

"ಒಪ್ಪಿಕೊಂಡ," ಅಂದಳು ಅಜ್ಜಿ, ಮೊಸರಿಗೆ ಉಪ್ಪು ಹಾಕಿಕೊಳ್ಳುತ್ತ. "ಒಪ್ಪದಿದ್ರೆ ಇಲ್ಲೇ ತಟ್ಟೆ ಒಡೀತಿದ್ದ."

*

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಗೋಡೆಯುದ್ದಕ್ಕೂ ಕಪಾಟಿನಲ್ಲಿ ಗಾಜಿನ ಹಲಗೆಗಳು ಪುಸ್ತಕಗಳಂತೆ ಒರಗಿ ನಿಂತಿರುತ್ತಿದ್ದವು. ಆ ಮನೆಯಲ್ಲಿ ವಜ್ರನ ಅಪ್ಪನ ಕಾಲದಿಂದ ಬಂದ ಎರಡು ಕಟ್ಟಳೆಗಳಿದ್ದವು. ಬೀಳುವ ಗಾಜನ್ನು ಹಿಡಿಯಬಾರದು, ಬಿಟ್ಟು ಹಿಂದೆ ಸರಿಯಬೇಕು. ಗಾಜು ಕೈಯಲ್ಲಿರುವಾಗ ಜಗಳವಾಡಬಾರದು. ದೊಡ್ಡ ಗಾಜನ್ನು ಹೊರುವುದಕ್ಕೆ ಇಬ್ಬರು ಬೇಕು. ಒಬ್ಬ ಮುನಿದರೆ ಇನ್ನೊಬ್ಬನ ಬೆರಳು ಹೋಗುತ್ತದೆ.

ಮಕ್ಕಳು ಚಿಕ್ಕವರಿದ್ದಾಗ ಈ ಎರಡನೆಯದನ್ನು ತಮ್ಮದಾಗಿಸಿಕೊಂಡಿದ್ದರು. ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆ ಜೋರಾಗಿ ಕೇಳಿಸಿದರೆ ಓಡಿಹೋಗಿ ಆಳಿಗೊಂದು ಗಾಜಿನ ತುಂಡು ಎತ್ತಿಕೊಂಡು ನಿಂತುಬಿಡುತ್ತಿದ್ದರು. ಅವನು ಹೊಡೆಯುತ್ತಿರಲಿಲ್ಲ. "ಕೆಳಗಿಡು," ಅನ್ನುತ್ತಿದ್ದ. ಇಡುತ್ತಿರಲಿಲ್ಲ. ಕೈ ಸೋತು ನಡುಗುವವರೆಗೂ ಹಿಡಿದೇ ನಿಂತಿರುತ್ತಿದ್ದರು. ಅಷ್ಟರಲ್ಲಿ ಕೆಲವೊಮ್ಮೆ ಅವನ ಸಿಟ್ಟು ಇಳಿದಿರುತ್ತಿತ್ತು, ಕೆಲವೊಮ್ಮೆ ಇಲ್ಲ.

ಪ್ರಯಾಣದ ಏರ್ಪಾಟೆಲ್ಲ ಸೊಸೆಯ ಹೆಗಲಿಗೆ ಬಿತ್ತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಅಜ್ಜಿಯ ಪ್ರಶ್ನೆಗಳು ಶುರು.

"ವಿಮಾನದಲ್ಲಿ ಕಾಲು ಚಾಚೋಕೆ ಬಿಡ್ತಾರಾ?"

"ಬಿಡ್ತಾರಜ್ಜಿ, ಮುಂದಿನ ಸೀಟಿನವರ ಬೆನ್ನಿಗೆ ತಾಗೋವರೆಗೂ."

"ನಾನು ಉಪ್ಪಿನಕಾಯಿ ತರ್ತೀನಿ."

"ಸೋರಿದ್ರೆ ಇಡೀ ವಿಮಾನ ಇಳಿಸಿ ನಿಮ್ಮನ್ನ ಒರೆಸೋಕೆ ಹೇಳ್ತಾರೆ."

"ಒರೆಸ್ತೀನಿ ಬಿಡು. ಈ ಮನೇಲಿ ಎಷ್ಟು ಒರೆಸಿಲ್ಲ!"

ಅಮ್ಮ ಅಡಿಗೆಮನೆಯಿಂದ ನಗುತ್ತ ಕೇಳಿಸಿಕೊಳ್ಳುತ್ತಿದ್ದಳು. ಆದರೆ ಅವಳ ಒಂದು ಕಿವಿ ಯಾವಾಗಲೂ ಕೆಳಗಿನ ಅಂಗಡಿಯ ಮೇಲಿರುತ್ತಿತ್ತು. ಮಗಳ ಮುಖ ನೋಡಬೇಕು, ಮನೆಯವರೆಲ್ಲ ಒಟ್ಟಿಗೆ ಹೋಗಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅದು ಈಗ ಗಂಡನ ಕೈಯೊಂದರ ಮೇಲೆ ನಿಂತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವನ ಮುಖ ನೋಡಿ ಆ ದಿನದ ಹವಾಮಾನ ತಿಳಿದುಕೊಳ್ಳುತ್ತಿದ್ದಳು. ಸಾರಿಗೆ ಉಪ್ಪು ಎರಡು ಸಲ ನೋಡುತ್ತಿದ್ದಳು. ಇಸ್ತ್ರಿ ಮಾಡಿದ ಅಂಗಿಯ ಮಡಿಕೆ ಅವನಿಗೆ ಬೇಕಾದಂತೆಯೇ ಇರುತ್ತಿತ್ತು.

ಆಶ್ಚರ್ಯವೆಂದರೆ ವಜ್ರ ತಡೆದುಕೊಂಡ. ಮಗ ತಪ್ಪು ಅಳತೆಯಲ್ಲಿ ಕನ್ನಡಿ ಕೊಯ್ದ ದಿನ ಅವನ ಕೈ ಮೇಲೆದ್ದಿತು. ಮಗ ಕಣ್ಣು ಮುಚ್ಚಿದ. ಕೈ ಗಾಳಿಯಲ್ಲೇ ನಿಂತು, ಪಕ್ಕದ ಮರದ ಪೆಟ್ಟಿಗೆಯ ಮೇಲೆ ಬಿದ್ದಿತು. ಹಲಗೆ ಸೀಳಿತು. ಬೆರಳ ಗಂಟುಗಳಲ್ಲಿ ರಕ್ತ ಬಂತು. ಇನ್ನೊಂದು ದಿನ ಅಮ್ಮ ಅಂಗಡಿಯ ಬೀಗದ ಕೈ ಎಲ್ಲೋ ಇಟ್ಟು ಮರೆತಾಗ ಅವನು ಕುರ್ಚಿಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಕುರ್ಚಿಯ ಕಾಲು ಮುರಿದು ಅಜ್ಜಿಯ ಮಂಚದ ಕೆಳಗೆ ಉರುಳಿಹೋಯಿತು.

"ಕುರ್ಚಿ ಲೆಕ್ಕಕ್ಕಿಲ್ಲ ಅಲ್ವಾ?" ಎಂದು ಅಜ್ಜಿ ಅಮ್ಮನನ್ನು ಕೇಳಿದಳು.

"ಇಲ್ಲ ಅತ್ತೆ. ಮನುಷ್ಯರು ಮಾತ್ರ."

"ಹಾಗಾದ್ರೆ ಒಡೀಲಿ. ಮಂಚ ಬಿಟ್ಟು ಎಲ್ಲಾ ಒಡೀಲಿ."

ಸಂಜೆಯ ಹೊತ್ತು ಅಂಗಳದಲ್ಲಿ ಸುತ್ತಿಗೆಯ ಸದ್ದು ನಿತ್ಯದ್ದಾಯಿತು. ರದ್ದಿ ಮುಗಿಯುತ್ತ ಬಂದಾಗ ಎದುರು ಅಂಗಡಿಯ ದರ್ಜಿ ತನ್ನ ಮನೆಯ ಹಳೆಯ ಕಿಟಕಿಯ ಒಡಕು ಗಾಜುಗಳನ್ನು ಚೀಲದಲ್ಲಿ ತಂದು ಅಂಗಳದ ಮೂಲೆಯಲ್ಲಿಟ್ಟು ಹೋದ. ಬೀದಿಗೆಲ್ಲ ವಿಷಯ ಗೊತ್ತಾಗಿತ್ತು.

ಒಂದು ಮಧ್ಯಾಹ್ನ ವಜ್ರ ಹೊಸ ಶೂ ಕೊಂಡು ತಂದ. ಕಂದು ಬಣ್ಣದ್ದು. ಪೆಟ್ಟಿಗೆಯಿಂದ ತೆಗೆದು, ಹಾಕಿಕೊಂಡು, ಅಡಿಗೆಮನೆಯ ಬಾಗಿಲವರೆಗೆ ನಡೆದು ಬಂದ.

"ಆ ಕಾರ್ಖಾನೇಲಿ ಅವಳು ಏನು ಮಾಡ್ತಾಳೆ?"

ಅಮ್ಮ ಬೇಳೆ ಆರಿಸುತ್ತಿದ್ದವಳು ಮೆಲ್ಲಗೆ ಹೇಳಿದಳು, "ತಗಡಿನ ತಟ್ಟೆಗಳನ್ನ ಒಲೆಯಿಂದ ಎಳೀತಾಳಂತೆ."

"ಭಾರ ಇರುತ್ತಾ?"

"ಇರುತ್ತಂತೆ."

"ಬಲಗೈಲೇ ಎಳೀತಾಳಾ?"

ಅಮ್ಮ ತಲೆಯೆತ್ತಿ ನೋಡಿದಳು. ಅವನು ಶೂವಿನ ತುದಿಯನ್ನು ನೋಡುತ್ತಿದ್ದ. "ಕೇಳಿಲ್ಲ," ಅಂದಳು.

ಆ ದಿನ ಅವಳು ಅವನಿಗೆ ಒಂದು ಮೊಟ್ಟೆ ಹೆಚ್ಚು ಬೇಯಿಸಿದಳು.

*

ಟಿಕೆಟ್ಟು ಕೊಳ್ಳುವ ದಿನ ದೊಡ್ಡ ಚರ್ಚೆಯಾಯಿತು. ಸೊಸೆ ಹೇಳಿದಳು, "ರಜೆಗೆ ಎರಡು ದಿನ ಮೊದಲೇ ಹೋಗಿ, ಮುಗಿದ ಮೇಲೂ ಎರಡು ದಿನ ಇದ್ದು ಬರೋಣ. ಹಬ್ಬದ ತಾರೀಕು ಚಂದ್ರ ನೋಡಿ ಹೇಳೋದಂತೆ. ಹಿಂದೆ ಮುಂದೆ ಆಗ್ಬಹುದು."

ವಜ್ರ ಕೇಳಲಿಲ್ಲ. ಅವನ ಕೈಗೆ ಒಂದೇ ಲೆಕ್ಕ ಗೊತ್ತಿತ್ತು. ಗಾಜನ್ನು ಚೌಕಟ್ಟಿನಷ್ಟೇ ಅಗಲ ಕೊಯ್ಯಬಾರದು. ಎರಡೂ ಕಡೆ ಒಂದೊಂದು ಎಳೆ ಕಮ್ಮಿ ಇರಬೇಕು. ಇಲ್ಲದಿದ್ದರೆ ಮರ ಹಿಗ್ಗಿದಾಗ ಗಾಜು ಸಿಡಿಯುತ್ತದೆ.

"ನಾಲ್ಕು ದಿನದ ರಜೆ," ಅಂದ. "ಎರಡು ಕಡೆ ಒಂದೊಂದು ದಿನ ಬಿಡು. ನಡುವೆ ಕೂರಿಸು. ಅವಳ ಮನೇಲಿ ಇಕ್ಕಟ್ಟು. ನಾವು ಹೋಗಿ ಒತ್ತಬಾರ್ದು. ಬಿಗಿಯಾದ್ರೆ ಒಡೆಯುತ್ತೆ."

"ಮಾವ, ಇದು ಹಾಗಲ್ಲ—"

"ಮೂವತ್ತು ವರ್ಷದಿಂದ ನಾನು ಕೂರಿಸಿದ್ದು ಒಂದೂ ಬಿದ್ದಿಲ್ಲ."

ಅವನು ಒತ್ತಬಾರದು ಅಂದದ್ದನ್ನು ಅಮ್ಮ ಕೇಳಿಸಿಕೊಂಡಳು. ಅಂಥ ಮಾತು ಅವನ ಬಾಯಿಂದ ಬಂದದ್ದೇ ಅಪರೂಪ. "ಅವರು ಹೇಳಿದ ಹಾಗೇ ಮಾಡು ಮಗಾ," ಅಂದಳು ಸೊಸೆಗೆ. ರಜೆಯ ಎರಡನೆಯ ದಿನ ಇಳಿದು ಮೂರನೆಯ ದಿನ ಸಂಜೆ ಹೊರಡುವ ಹಾಗೆ ಐದು ಟಿಕೆಟ್ಟು ಬಂದವು.

ಹೊರಡುವುದಕ್ಕೆ ವಾರವಿರುವಾಗ ಮಗಳ ಫೋನು ಬಂತು. ಚಂದ್ರ ತಡವಾಗಿ ಕಂಡನಂತೆ. ಸಾಲದ್ದಕ್ಕೆ ಆ ದೇಶದ ಸರ್ಕಾರ ರಜೆಯನ್ನು ವಾರದ ಕೊನೆಗೆ ಅಂಟಿಸಿ ಮುಂದಕ್ಕೆ ಹಾಕಿತಂತೆ. ಈಗ ಇವರು ಇಳಿಯುವಾಗ ಮಗಳು ಒಲೆಯ ಮುಂದೆ ಇರುತ್ತಾಳೆ. ಅವಳ ಒಲೆ ಆರುವ ಹೊತ್ತಿಗೆ ಇವರು ವಾಪಸು ವಿಮಾನದಲ್ಲಿ ಇರುತ್ತಾರೆ.

ಸೊಸೆ ಅದನ್ನು ಹೇಳಲು ಕೆಳಗೆ ಅಂಗಡಿಗೆ ಬಂದಳು. ವಜ್ರ ಮೇಜಿನ ಮೇಲೆ ಗಾಜು ಹರಡಿ ಗೀರು ಎಳೆದು ಮುಗಿಸಿದ್ದ. ಮರದ ಅಳತೆಗೋಲು ಕೈಯಲ್ಲೇ ಇತ್ತು. ಅಮ್ಮ ಚಹಾ ತಂದಿದ್ದಳು.

"ಬದಲಾಯಿಸ್ಬಹುದು ಮಾವ," ಅಂದಳು ಸೊಸೆ. "ಸೋಮವಾರದೊಳಗೆ ಹೇಳಿದ್ರೆ ಆಗುತ್ತೆ."

ವಜ್ರ ಗೀರಿನ ಮೇಲೆ ಬೆರಳಾಡಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಪಾಟಿನ ಬಳಿ ನಿಂತಿದ್ದ ಮಗ ನಕ್ಕುಬಿಟ್ಟ. ಕೆಟ್ಟ ನಗೆಯಲ್ಲ. ಇಷ್ಟು ವಾರಗಳ ಶಾಂತಿಯಿಂದ ಅವನಿಗೆ ಸ್ವಲ್ಪ ಸಲಿಗೆ ಬಂದಿತ್ತು.

"ಇದು ಕಿಟಕಿ ಅಲ್ಲಪ್ಪಾ, ಹಬ್ಬ. ಹಬ್ಬಕ್ಕೆ ಚೌಕಟ್ಟು ಎಲ್ಲಿಂದ ತರ್ತೀಯ?"

ಕೋಲು ಅವನ ಎಡಗಿವಿಯ ಮೇಲೆ ಬಿತ್ತು. ಎರಡನೇ ಏಟು ಹೆಗಲಿಗೆ. ಮಗ ಗಾಜಿನ ಕಪಾಟಿಗೆ ಒರಗಿ ಕುಸಿದ. ಕಪಾಟು ಅದುರಿ ಎಲ್ಲ ಹಲಗೆಗಳೂ ಒಟ್ಟಿಗೆ ಸದ್ದು ಮಾಡಿದವು. ಕಿವಿಯಿಂದ ರಕ್ತ ಕತ್ತಿಗೆ ಇಳಿಯಿತು. ಮಗ ಎದ್ದ. ಎದ್ದವನ ಮುಖ ಅವನಪ್ಪನದೇ ಆಗಿತ್ತು. ಮುಷ್ಟಿ ಕಟ್ಟಿ ಅಪ್ಪನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ.

"ಹೊಡೀಲಾ? ಹೊಡೀಲಾ ಹೇಳು! ನಿಂಗಿಂತ ಗಟ್ಟಿ ಕೈ ಇದೆ ನಂದು!"

"ಹೊಡಿಯೋ, ಗಂಡಸಾದ್ರೆ ಹೊಡಿ!"

ಸೊಸೆ ಗಂಡನ ಮುಷ್ಟಿಯ ಮೇಲೆ ಎರಡೂ ಕೈಯಿಂದ ಜೋತುಬಿದ್ದಳು. ಅವನು ಕೊಸರಿದಾಗ ಅವನ ಮೊಣಕೈ ಬಡಿದು ಅವಳ ತುಟಿ ಒಡೆಯಿತು. ಅವಳು ಬಿಡಲಿಲ್ಲ. ರಕ್ತದ ಬಾಯಲ್ಲೇ ಹೇಳಿದಳು:

"ಇವತ್ತು ಈ ಕೈ ಅವರ ಮೇಲೆ ಬಿದ್ರೆ ನಾಳೆ ನನ್ನ ಮೇಲೂ ಬೀಳುತ್ತೆ. ನಂಗೆ ಇದು ಬೇಡ. ಬಿಡು."

ಮಗ ಅವಳ ತುಟಿ ನೋಡಿದ. ಕೈ ಬಿಟ್ಟ. ಗೋಡೆಗೆ ಹಣೆ ಹಚ್ಚಿ ಅತ್ತ.

*

ಆಮೇಲೆ ಮನೆಯವರೆಲ್ಲ ಸೇರಿ ಅದನ್ನು ಮುಚ್ಚಿಹಾಕಲು ಹೊರಟರು. ಸೊಸೆ ಔಷಧಿ ಅಂಗಡಿಯಿಂದ ಪಟ್ಟಿ ತಂದು ಗಂಡನ ಕಿವಿಗೆ ಕಟ್ಟಿದಳು. ವಜ್ರ ಊಟಕ್ಕೆ ಬಂದಾಗ ಜೇಬಿನಿಂದ ಹತ್ತಿಯ ಉಂಡೆಯೊಂದನ್ನು ತೆಗೆದು ಮಗನ ತಟ್ಟೆಯ ಪಕ್ಕದಲ್ಲಿಟ್ಟ. ಮಗ ಅದನ್ನು ನೋಡಿದ, ಮುಟ್ಟಲಿಲ್ಲ, ತಳ್ಳಲೂ ಇಲ್ಲ.

ಅಜ್ಜಿ ಅಮ್ಮನ ಸೆರಗು ಹಿಡಿದಳು. "ಹೇಳಬೇಡ್ವೇ. ಇಷ್ಟು ದಿನ ತಡ್ಕೊಂಡಿದ್ದ. ನನ್ನ ಮಗ ಹುಟ್ಟಿದಾಗಿಂದ ಇಷ್ಟು ದಿನ ಸುಮ್ನಿದ್ದಿದ್ದು ಇದೇ ಮೊದಲು."

"ಗಾಜು ತಾಗಿದ್ದು ಅಂತ ಹೇಳಮ್ಮ," ಅಂದ ಮಗ. "ನಂಗೇನೂ ಆಗಿಲ್ಲ."

ಅಮ್ಮ ಪಾತ್ರೆ ತೊಳೆಯುತ್ತಿದ್ದಳು. "ನಿನ್ನ ತಲೆ ಸುತ್ತೋದು ನಿಂತಿದೆಯಾ?"

"ಸ್ವಲ್ಪ ಇದೆ."

"ಮತ್ತೆ ಏನೂ ಆಗಿಲ್ಲ ಅಂತೀಯ."

ಸೊಸೆ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವಳು ಮಾತ್ರ ಏನನ್ನೂ ಬೇಡಲಿಲ್ಲ. "ಸೋಮವಾರ ಟಿಕೆಟ್ಟು ಬದಲಾಯಿಸ್ಬೇಕು ಅತ್ತೆ," ಅಂದಳು. "ಎಷ್ಟು ಅಂತ ನೀವು ಹೇಳಿ. ಐದು ಅಂದ್ರೂ ನಾನು ಒಂದು ಮಾತೂ ಆಡಲ್ಲ."

"ಹೇಳ್ತೀನಿ ತಡಿ," ಅಂದಳು ಅಮ್ಮ.

ಸೋಮವಾರ ದರ್ಜಿಯ ಅಂಗಡಿಯ ಮುಂಗಾಜು ಹೊತ್ತು ಹೋಗಬೇಕಿತ್ತು. ಆಳುದ್ದದ ಹಲಗೆ. ಮಗನಿಗೆ ಇನ್ನೂ ತಲೆ ಸುತ್ತುತ್ತಿತ್ತು. ವಜ್ರ ಬಾಗಿಲಲ್ಲಿ ನಿಂತು ಬೀದಿಯ ಆಚೆ ಈಚೆ ನೋಡಿದ, ಯಾರಾದರೂ ಸಿಗುತ್ತಾರೇನೋ ಎಂದು.

"ನಾನು ಹಿಡೀತೀನಿ," ಅಂದಳು ಅಮ್ಮ. ಮದುವೆಯಾದ ಹೊಸತರಲ್ಲಿ ಅವಳೇ ಅವನ ಜೊತೆ ಗಾಜು ಹೊರುತ್ತಿದ್ದವಳು. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಹಳೆಯ ತೊಗಲಿನ ಕೈಗವಸು ಹಾಕಿಕೊಂಡಳು. ಅದರ ಅಂಗೈ ಭಾಗ ಸವೆದು ತೂತಾಗಿತ್ತು.

"ಗಾಜು! ಗಾಜು!" ಎಂದು ವಜ್ರ ಕೂಗಿದ. ಬೀದಿ ನಿಂತಿತು. ಸೈಕಲ್ಲಿನವನು ಕಾಲೂರಿದ. ತರಕಾರಿ ಗಾಡಿಯವಳು ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡಳು. ಗಂಡ ಹೆಂಡತಿ ಎರಡು ತುದಿ ಹಿಡಿದು ರಸ್ತೆಗಿಳಿದರು.

"ಟಿಕೆಟ್ಟು ಇವತ್ತು ಬದಲಾಯಿಸ್ತಾಳಂತೆ," ಅಂದಳು ಅಮ್ಮ.

"ಗಾಜು ಕೈಲಿದೆ."

"ಅದಕ್ಕೇ ಈಗ ಹೇಳ್ತಿದ್ದೀನಿ. ನೀವು ಬರೋದು ಬೇಡ."

ಅವನು ಎರಡು ಹೆಜ್ಜೆ ಇಟ್ಟ. "ಎಡಕ್ಕೆ. ಗುಂಡಿ ಇದೆ."

ಅವಳು ಎಡಕ್ಕೆ ಸರಿದಳು. "ಕೇಳಿಸ್ತಾ?"

"ಯಾರು ಹೇಳಿದ್ದು? ನಿನ್ನ ಮಗಳಾ?"

"ನಾನು. ಅವಳಿಗೆ ಇನ್ನೂ ಗೊತ್ತಿಲ್ಲ."

"ಒಂದೇ ಸಲ. ಇಷ್ಟು ವಾರದಲ್ಲಿ ಒಂದೇ ಒಂದು ಸಲ."

"ಒಂದು ಸಲಕ್ಕೇ ಅವನ ಕಿವಿ ಕೇಳಿಸ್ತಿಲ್ಲ."

"ಹೊಸ ಶೂ ತಗೊಂಡಿದ್ದೀನಲ್ಲೇ," ಅಂದ ವಜ್ರ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮನ ಹೆಜ್ಜೆ ತಪ್ಪುವಂತಾಯಿತು. ಆದರೂ ಹೇಳಿದಳು.

"ನೋಡಿದೀನಿ. ಚೆನ್ನಾಗಿದೆ. ಇಲ್ಲೇ ಹಾಕ್ಕೊಂಡು ಓಡಾಡಿ."

ರಸ್ತೆಯ ಮಧ್ಯಕ್ಕೆ ಬಂದಿದ್ದರು. ಅವಳು ಗಾಜಿನಲ್ಲಿ ಅವನ ಮುಖದ ನೆರಳು ನೋಡುತ್ತಿದ್ದಳು. ಅದು ಬದಲಾದದ್ದು ಅವಳಿಗೆ ಕಂಡಿತು. ಅಷ್ಟರಲ್ಲಿ ಆ ತುದಿ ಕುಸಿಯಿತು.

ಅವನು ಕೈ ಬಿಟ್ಟಿದ್ದ.

ಬೀಳುವ ಗಾಜನ್ನು ಹಿಡಿಯಬಾರದೆಂದು ಆ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅಮ್ಮ ಹಿಡಿದಳು. ಹಲಗೆ ಅವಳ ಎರಡೂ ಅಂಗೈಗಳ ಮೇಲೆ ಜಾರುತ್ತ, ತೊಗಲನ್ನೂ ಚರ್ಮವನ್ನೂ ಒಟ್ಟಿಗೆ ಸೀಳಿ, ನೆಲಕ್ಕೆ ಬಡಿದು, ಬೀದಿಯ ಎರಡೂ ಅಂಚಿಗೆ ಸಿಡಿಯಿತು. ತರಕಾರಿಯವಳು ಚೀರಿದಳು. ಅಮ್ಮ ಕೈಗಳನ್ನು ಮುಂದೆ ಚಾಚಿಕೊಂಡೇ ನಿಂತಿದ್ದಳು. ಮೊಣಕೈವರೆಗೂ ರಕ್ತ ಹರಿಯುತ್ತಿತ್ತು.

ಎಲ್ಲರಿಗಿಂತ ಮೊದಲು ಓಡಿಬಂದವನು ದರ್ಜಿ. ಯಾರದ್ದೋ ಮದುವೆಗೆಂದು ಕತ್ತರಿಸಿಟ್ಟಿದ್ದ ಬಿಳಿ ರೇಷ್ಮೆಯನ್ನು ಹಾಗೇ ಬಾಚಿ ತಂದು ಅವಳ ಕೈಗಳಿಗೆ ಸುತ್ತಿದ. "ಅಯ್ಯೋ, ಒಳ್ಳೇ ಬಟ್ಟೆ," ಅಂದಳು ಅಮ್ಮ. "ಸುಮ್ನಿರಿ ಅಕ್ಕಾ, ಬಟ್ಟೆ ಇನ್ನೊಂದು ಬರುತ್ತೆ," ಅಂದ.

"ಕೈ ಜಾರಿತು," ಅಂದ ವಜ್ರ. ಯಾರೂ ಅವನನ್ನು ಕೇಳಿರಲಿಲ್ಲ.

ದರ್ಜಿ ಗಂಟು ಬಿಗಿಯುತ್ತಲೇ ತಲೆಯೆತ್ತಿದ. "ಜಾರಲಿಲ್ಲಣ್ಣ. ನಾನು ನೋಡ್ತಿದ್ದೆ."

ಆಸ್ಪತ್ರೆಯಲ್ಲಿ ಎರಡೂ ಅಂಗೈಗೆ ಹೊಲಿಗೆ ಹಾಕಿದರು. ಹೊಲಿಗೆ ಹಾಕುವ ಹುಡುಗಿ ಪ್ರತಿ ಸಲ ಸೂಜಿ ಚುಚ್ಚುವ ಮೊದಲೂ "ಈಗ ಅಮ್ಮ," ಎಂದು ಹೇಳಿಯೇ ಚುಚ್ಚುತ್ತಿದ್ದಳು. ಅಷ್ಟು ಮುನ್ಸೂಚನೆ ಕೊಟ್ಟು ತನ್ನನ್ನು ಯಾರೂ ನೋಯಿಸಿರಲಿಲ್ಲ ಎಂದು ಅಮ್ಮ ಸೊಸೆಗೆ ಹೇಳಿದಳು. ಹೇಳಿ ನಕ್ಕಳು. ಸೊಸೆಗೆ ನಗು ಬರಲಿಲ್ಲ.

"ಎಷ್ಟು ಟಿಕೆಟ್ಟು ಅತ್ತೆ?"

"ನಾಲ್ಕು."

ಆದರೆ ನಾಲ್ಕೂ ಆಗಲಿಲ್ಲ. ಅಜ್ಜಿ ಉಪ್ಪಿನಕಾಯಿಯ ಡಬ್ಬಿಯನ್ನು ಪೆಟ್ಟಿಗೆಯಿಂದ ತಾನೇ ಹೊರಗೆ ತೆಗೆದಳು. "ನಾನು ಹೋದ್ರೆ ಅವನಿಗೆ ಅನ್ನ ಹಾಕೋರು ಯಾರು? ಕೆಟ್ಟವನೋ ಒಳ್ಳೆಯವನೋ, ನಾನು ಹೆತ್ತಿದ್ದು." ಅಜ್ಜಿಯೊಬ್ಬಳನ್ನೇ ಅವನ ಜೊತೆ ಬಿಡಲಾಗದೆಂದು ಮಗನೂ ನಿಂತ. "ನೀವಿಬ್ಬರೂ ಹೋಗಿ ಬನ್ನಿ," ಅಂದ. "ತಂಗಿಗೆ ನಾನು ಕೇಳ್ದೆ ಅಂತ ಹೇಳು. ಬಲಗಿವಿಗೆ ಫೋನ್ ಇಟ್ಟು ಮಾತಾಡ್ತೀನಿ ಅಂತ ಹೇಳು."

ಹೊರಡುವ ದಿನ ಬೆಳಗಿನ ತಿಂಡಿಯ ಹೊತ್ತಿಗೆ ವಜ್ರ ಸುತ್ತಿಗೆ ತೆಗೆದುಕೊಂಡು ಕೆಳಗಿಳಿದ. ಅಂಗಳದಲ್ಲಿ ರದ್ದಿ ಉಳಿದಿರಲಿಲ್ಲ. ಅವನು ಅಂಗಡಿಯೊಳಗೆ ನುಗ್ಗಿ ಮಾರಾಟಕ್ಕಿದ್ದ ಕನ್ನಡಿಗಳನ್ನು ಒಡೆಯತೊಡಗಿದ. ಆಮೇಲೆ ಕಪಾಟು. ಆಮೇಲೆ ತನ್ನದೇ ಅಂಗಡಿಯ ಮುಂಗಾಜು. ಪ್ರತಿ ಏಟಿಗೂ ಒಂದೇ ಮಾತು, "ಹೋಗಿ! ಹೋಗಿ! ಎಲ್ಲರೂ ಹೋಗಿ!" ಮೇಲಿನ ಮನೆಯ ನೆಲ ಅದುರುತ್ತಿತ್ತು. ಸೊಸೆ ಅತ್ತೆಗೆ ಚಪ್ಪಲಿ ಹಾಕಿಸಿದಳು, ಸೆರಗು ಸರಿಮಾಡಿದಳು. ಸದ್ದು ನಿಂತ ಮೇಲೆ ಇಳಿದರು. ವಜ್ರ ಒಡೆದ ಗಾಜಿನ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ಕೆನ್ನೆಯ ಮೇಲೆ ಗಾಯವಾಗಿತ್ತು. ಮಗ ಪೊರಕೆ ತಂದು ಮೆಟ್ಟಿಲಿಂದ ಬೀದಿಯವರೆಗೆ ಒಂದು ಹೆಜ್ಜೆಯಗಲ ದಾರಿ ಗುಡಿಸಿದ. ಅಮ್ಮ ಆ ದಾರಿಯಲ್ಲಿ ನಡೆದು ಹೊರಗೆ ಬಂದಳು. ಗಂಡನ ಕಡೆ ಒಮ್ಮೆ ತಿರುಗಿದಳು.

"ಕೆನ್ನೇಲಿ ಚೂರಿದೆ," ಅಂದಳು. "ತೆಗೆಸ್ಕೊಳ್ಳಿ."

*

ವಿಮಾನದಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸು ಅಮ್ಮನ ಬಟ್ಟಲಿನ ಮುಚ್ಚಳ ತೆಗೆದುಕೊಟ್ಟಳು. ಇಳಿದಾಗ ಮಗಳು ಕಟಕಟೆಯ ಆಚೆ ನಿಂತಿದ್ದಳು. ತೂಕ ಹೆಚ್ಚಿತ್ತು, ಕೂದಲು ಕತ್ತರಿಸಿದ್ದಳು. ಮೊದಲು ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದಳು. ಆಮೇಲೆ ಅಮ್ಮನ ಕೈಗಳನ್ನು ನೋಡಿದಳು.

"ಏನಿದು?"

"ಆಮೇಲೆ ಹೇಳ್ತೀನಿ."

ದಾರಿಯಲ್ಲೇ ಸೊಸೆ ಎಲ್ಲವನ್ನೂ ಹೇಳಿದಳು, ಕಿವಿ, ತುಟಿ, ಗಾಜು, ಸುತ್ತಿಗೆ. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡಳು.

ಮರುದಿನ ಹಬ್ಬ. ಎರಡು ಕೋಣೆಯ ಮನೆಯ ಕಿಟಕಿಯಿಂದ ಕಾಣುವ ಬೀದಿಯಲ್ಲಿ ಅಂಗಡಿಗಳೆಲ್ಲ ಬಾಗಿಲೆಳೆದಿದ್ದವು. ಬಸ್ಸುಗಳಿಲ್ಲ. ಹೊಸ ಬಟ್ಟೆ ತೊಟ್ಟ ಜನ ಗುಂಪು ಗುಂಪಾಗಿ ಪ್ರಾರ್ಥನೆಗೆ ನಡೆದುಹೋದರು. ಆಮೇಲೆ ಬೀದಿ ಖಾಲಿ. ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, ಭಾಷೆ ಬಾರದೆ ಬರೀ ನಕ್ಕು, ಬಟ್ಟೆ ಮುಚ್ಚಿದ ಸಿಹಿಯ ತಟ್ಟೆ ಕೊಟ್ಟುಹೋದಳು. ಹೋಗುವಾಗ ಅಮ್ಮನ ಕೈ ನೋಡಿ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಅಜ್ಜಿಯ ಫೋನು ಬಂತು. "ಅಡಿಗೆ ಮಾಡಿಟ್ಟಿದ್ದೆ, ಅವನಿಗೆ ಬಡಿಸೋಕೆ ನಾನು ಏಳಲಿಲ್ಲ," ಅಂದಳು. "ಕೂಗಾಡಿದ. ಕೂಗು ಅಂದೆ. ಆಮೇಲೆ ತಾನೇ ಬಡಿಸ್ಕೊಂಡ. ಅರ್ಧ ಮೇಜಿನ ಮೇಲೆ ಚೆಲ್ಲಿದ. ಇಲ್ಲಿಯದ್ದು ನಾನು ನೋಡ್ಕೋತೀನಿ, ನೀವು ಉಂಡ್ರಾ?"

ಮಗಳು ಅನ್ನ ಕಲಸಿದಳು. ಅಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತು ಬಲಗೈಯಿಂದ ತುತ್ತು ಕೊಟ್ಟಳು. ಮೊಣಕೈ ಪೂರ್ತಿ ಚಾಚುತ್ತಿರಲಿಲ್ಲ. ಸ್ವಲ್ಪ ಸೊಟ್ಟಗೆ ನಿಲ್ಲುತ್ತಿತ್ತು. ಅಮ್ಮ ಆ ಕೈಯನ್ನೇ ನೋಡುತ್ತ ಉಂಡಳು.

"ನಿಮ್ಮಪ್ಪನ್ನ ಯಾಕೆ ಕರೆದೆ?" ಎಂದಳು.

"ಹೇಳೋಕೆ. ಇಷ್ಟು ವರ್ಷ ಒಲೆ ಮುಂದೆ ನಿಂತು ದಿನಾ ಬಾಯಿಪಾಠ ಮಾಡಿದ್ದೆ. ಅವರನ್ನ ಎದುರಿಗೆ ಕೂರಿಸ್ಕೊಂಡು ಹೇಳ್ಬೇಕು ಅಂತ."

"ನಂಗೆ ಹೇಳು. ಹೋಗಿ ಅವರಿಗೆ ಮುಟ್ಟಿಸ್ತೀನಿ."

ಮಗಳ ಕೈ ತಟ್ಟೆಯಲ್ಲಿ ನಿಂತಿತು. "ನಿಂಗೂ ಹೇಳೋದಿದೆ," ಅಂದಳು. "ನನ್ನ ಕೈ ಮುರಿದ ದಿನ ನೀನು ಬಾಗಿಲಲ್ಲೇ ನಿಂತಿದ್ದೆ. ಕೈಲಿ ಸೌಟಿತ್ತು. ನಾನು ನಿನ್ನ ಕಡೆ ನೋಡ್ದೆ. ನೀನು ಒಳಗೆ ಹೋದೆ."

ಸೊಸೆ ಎದ್ದು ಹೊರಗೆ ಹೋಗಲು ನೋಡಿದಳು. ಎಲ್ಲಿಗೆ ಹೋಗುವುದು? ಬೀದಿಯೆಲ್ಲ ಮುಚ್ಚಿತ್ತು. ಒಲೆಯ ಕಡೆ ತಿರುಗಿ ನಿಂತಳು.

ಅಮ್ಮ ಪಟ್ಟಿ ಕಟ್ಟಿದ ಎರಡು ಕೈಗಳನ್ನೂ ಮಡಿಲಿನಿಂದೆತ್ತಿ ಮೇಜಿನ ಮೇಲಿಟ್ಟಳು.

"ಹೌದು," ಅಂದಳು. "ಹೋದೆ. ಹೇಳು, ಪೂರ್ತಿ ಹೇಳು. ನಾಲ್ಕು ದಿನ ರಜೆ ಇದೆಯಲ್ಲ."

ಮಗಳು ಹೇಳತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಕೂಗಿ. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎಂಥೆಂಥ ಮಾತು ಬಂದವು. ಅಮ್ಮ ಒಂದಕ್ಕೂ ಎದುರಾಡಲಿಲ್ಲ. ಮಗಳ ಬಲಗೈ ಮಾತ್ರ ತಟ್ಟೆಗೂ ಅಮ್ಮನ ಬಾಯಿಗೂ ನಡುವೆ ಓಡಾಡುತ್ತಲೇ ಇತ್ತು. ಬೈಯುತ್ತ ಬೈಯುತ್ತಲೇ ಅವಳು ತುತ್ತನ್ನು ಸಣ್ಣದು ಮಾಡಿ, ಆರಿದೆಯೇ ಎಂದು ಬೆರಳಲ್ಲಿ ನೋಡಿ, ಕೊಡುತ್ತಿದ್ದಳು.